ಡೇಟನ್‌ಗೆ ಬಾಸ್ಕೆಟ್‌ಬಾಲ್ ನೋಡಲು ಹೋಗೋದಾದ್ರೆ, ಜನವರಿಯ ಮಂಗಳವಾರ ಹೋಗಿ

ನಮ್ಮಪ್ಪ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು. ಚಳಿಗಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನ ನಮ್ಮ ಮನೆಗೆ ಬಂದಿದ್ದರು. ಆ ಚಳಿಯಲ್ಲಿ ನಯಾಗರ ಬೇಡ ಅಂದರು ಅಮ್ಮ. ಹಾಗಾದರೆ ಅಪ್ಪನಿಗೆ ಏನು ತೋರಿಸೋದು ಅಂತ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಇದೇ ರಾಜ್ಯದ ಡೇಟನ್ ಊರಿನ ವಿಶ್ವವಿದ್ಯಾಲಯಕ್ಕೆ ಫ್ಲೈಯರ್ಸ್ ಅನ್ನೋ ಬಾಸ್ಕೆಟ್‌ಬಾಲ್ ತಂಡ ಇದೆ, ಅದರ ಪಂದ್ಯಕ್ಕೆ ಎರಡು ಟಿಕೆಟ್ ತೆಗೆದೆ. ಅಮ್ಮ ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದರು. ಅಪ್ಪ ಮಗ ಇಬ್ಬರೇ ಹೊರಟೆವು.

ಅಮೆರಿಕದ ಕಾಲೇಜು ಆಟದ ಬಗ್ಗೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಲ್ಲಿ ಕೆಲವು ದೊಡ್ಡ ವಿಶ್ವವಿದ್ಯಾಲಯಗಳಿವೆ. ಅಮೆರಿಕನ್ ಫುಟ್‌ಬಾಲ್‌ನಿಂದ, ಟಿವಿಯಿಂದ ಅವಕ್ಕೆ ಕೋಟಿಗಟ್ಟಲೆ ಡಾಲರ್ ಬರುತ್ತೆ. ನಮ್ಮ ಕೊಲಂಬಸ್‌ನ ಓಹಾಯೋ ಸ್ಟೇಟ್ ಅಂಥದ್ದು. ಅದರ ಕೆಳಗೆ ಇನ್ನೊಂದು ಸಾಲು ಇದೆ. ಅವಕ್ಕೆ ಅಷ್ಟು ದುಡ್ಡಿಲ್ಲ, ದೇಶವಿಡೀ ಹೆಸರೂ ಇಲ್ಲ. ಆದರೆ ಬಾಸ್ಕೆಟ್‌ಬಾಲ್ ಅಂದರೆ ಜೀವ. ಅಟ್ಲಾಂಟಿಕ್ 10 ಅನ್ನೋ ಕೂಟದಲ್ಲಿ ಆಡುವ ಡೇಟನ್ ವಿಶ್ವವಿದ್ಯಾಲಯ ಆ ಸಾಲಿನದು. ಈ ತಂಡ ಒಂದು ಸಲ ಮಾತ್ರ ರಾಷ್ಟ್ರೀಯ ಫೈನಲ್ ತಲುಪಿತ್ತು, 1967ರಲ್ಲಿ. ಅಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಎದುರು 79–64ರಿಂದ ಸೋತಿತು. ಪ್ರಶಸ್ತಿ ಇವತ್ತಿಗೂ ಬಂದಿಲ್ಲ.

ನಾನು ಡೇಟನ್‌ನಲ್ಲಿ ಎಂ.ಎಸ್. ಮಾಡಿದ್ದು 2013ರಿಂದ 2015ರವರೆಗೆ. ಹೋದ ಮೊದಲ ವರ್ಷವೇ, ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ, ನಮ್ಮ ಹುಡುಗರು ಓಹಾಯೋ ಸ್ಟೇಟ್ ತಂಡವನ್ನು 60–59ರಿಂದ ಸೋಲಿಸಿದರು. ಆಮೇಲೆ ಸಿರಾಕ್ಯೂಸ್, ಆಮೇಲೆ ಸ್ಟ್ಯಾನ್‌ಫರ್ಡ್. ಕೊನೆಯ ಎಂಟು ತಂಡಗಳಲ್ಲಿ ನಮ್ಮದೂ ಒಂದು! ವಿದ್ಯಾರ್ಥಿಗಳ ಮನೆಗಳಿದ್ದ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಿಲ್ಲ. ಮನೆ ಬಿಟ್ಟು ಬಂದು ಏಳು ತಿಂಗಳಾಗಿತ್ತು. ಈ ಊರು ನನ್ನದು ಅಂತ ಮೊದಲು ಅನ್ನಿಸಿದ್ದು ಆ ಬೀದಿಯಲ್ಲೇ. ಓಹಾಯೋ ಸ್ಟೇಟ್‌ನವರು ತಮ್ಮ ಹೆಸರಿನ ಮುಂದೆ 'ದ' ಸೇರಿಸಿಕೊಂಡು ಹೇಳುತ್ತಾರೆ. ಅವರನ್ನು ಸೋಲಿಸಿದ ಮರುದಿನ ಊರಿನ ಪತ್ರಿಕೆ 'ದ ಯೂನಿವರ್ಸಿಟಿ ಆಫ್ ಡೇಟನ್' ಅಂತ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿತ್ತು. ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ.

ಸರಿ, ಹೋಗೋದು ಯಾವಾಗ? ಸೀಸನ್ ನವೆಂಬರ್ ಮೊದಲ ವಾರ ಶುರುವಾಗಿ ಮಾರ್ಚ್ ಶುರುವಿನವರೆಗೆ ನಡೆಯುತ್ತೆ. ನವೆಂಬರ್, ಡಿಸೆಂಬರ್‌ನಲ್ಲಿ ಸಣ್ಣಪುಟ್ಟ ತಂಡಗಳು ಬರುತ್ತವೆ. ಟಿಕೆಟ್ ಸುಲಭವಾಗಿ ಸಿಗುತ್ತೆ. ಆದರೆ ಕ್ರಿಸ್‌ಮಸ್ ರಜೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಅವರಿಲ್ಲದ ಗ್ಯಾಲರಿಗೆ ಆ ಕಳೆ ಇರೋದಿಲ್ಲ. ನಮ್ಮ ಕೂಟದ್ದೇ ಆದ ವಿಸಿಯು, ಸೇಂಟ್ ಲೂಯಿಸ್ ಥರದ ತಂಡಗಳು ಶನಿವಾರ ಬಂದರೆ ಟಿಕೆಟ್ ಸಿಗೋದು ಕಷ್ಟ, ಬೆಲೆಯೂ ಜಾಸ್ತಿ. ನನ್ನ ಸಲಹೆ ಕೇಳಿದರೆ ಜನವರಿ ಕೊನೆಯಲ್ಲಿ ಮಂಗಳವಾರವೋ ಬುಧವಾರವೋ ರಾತ್ರಿ ಏಳು ಗಂಟೆಗೆ ಒಂದು ಪಂದ್ಯ ಇರುತ್ತಲ್ಲ, ಅದಕ್ಕೆ ಹೋಗಿ. ಹೊರಗಡೆ ಕೊರೆಯೋ ಚಳಿ, ಮರುದಿನ ಎಲ್ಲರಿಗೂ ಕೆಲಸ. ಆದರೂ ಹದಿಮೂರು ಸಾವಿರ ಚಿಲ್ಲರೆ ಜನ ಹಿಡಿಸುವ ಅರೀನಾ ಹೆಚ್ಚುಕಡಿಮೆ ತುಂಬಿರುತ್ತೆ. ಅದನ್ನು ನೋಡಲೇಬೇಕು.

ಟಿಕೆಟ್ ಮಾತ್ರ ವಿಶ್ವವಿದ್ಯಾಲಯದ ಅಧಿಕೃತ ಪುಟದಿಂದಲೇ ತಗೊಳ್ಳಿ. ಅಲ್ಲಿ ಮುಗಿದುಹೋಗಿದ್ದರೆ, ಅವರೇ ತೋರಿಸುವ ಮರುಮಾರಾಟದ ಕೊಂಡಿಯಿಂದ ತಗೊಳ್ಳಿ. ಎರಡು ವರ್ಷದ ಹಿಂದೆ ಹತ್ತು ಡಾಲರ್ ಉಳಿಯುತ್ತೆ ಅಂತ ಬೇರೊಂದು ಕಡೆ ತಗೊಂಡಿದ್ದೆ. ಗೇಟಿನಲ್ಲಿ ಸ್ಕ್ಯಾನ್ ಮಾಡಿದರೆ ಕೆಂಪು ದೀಪ. ಅದೇ ಟಿಕೆಟ್‌ನಲ್ಲಿ ಆಗಲೇ ಇನ್ಯಾರೋ ಒಳಗೆ ಹೋಗಿದ್ದರು. ಆ ಚಳಿಯಲ್ಲಿ ಹೊರಗೆ ನಿಂತು ಒಳಗಿನ ಕೂಗು ಕೇಳಿದ್ದು ಇನ್ನೂ ಮರೆತಿಲ್ಲ. ದುಡ್ಡು ವಾಪಸ್ ಬರಲು ಆರು ವಾರ ಹಿಡಿಯಿತು.

ಕೊಲಂಬಸ್‌ನಿಂದ ದಾರಿ ಸುಲಭ. ಐ–70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ, ಅಲ್ಲಿಂದ ಐ–75ರಲ್ಲಿ ದಕ್ಷಿಣಕ್ಕೆ. ಟೋಲ್ ಇಲ್ಲ. ಒಂದೂಕಾಲು ಗಂಟೆ ಸಾಕು, ಆದರೆ ಹಿಮ ಬಿದ್ದರೆ ಎರಡು ಗಂಟೆ ಇಟ್ಟುಕೊಳ್ಳಿ. 51ನೇ ಎಕ್ಸಿಟ್‌ನಲ್ಲಿ ಇಳಿದರೆ ಎಡ್ವಿನ್ ಸಿ. ಮೋಸೆಸ್ ಬುಲವಾರ್ಡ್, ಅರೀನಾ ಅಲ್ಲೇ ಪಕ್ಕದಲ್ಲಿ. ಆ ರಸ್ತೆಯ ಹೆಸರು ಕೇಳಿ ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತರು. "400 ಮೀಟರ್ ಹರ್ಡಲ್ಸ್ ಎಡ್ವಿನ್ ಮೋಸೆಸ್ಸಾ? ಎರಡು ಒಲಿಂಪಿಕ್ ಚಿನ್ನ ಗೆದ್ದವನು?" ಅವನೇ, ಈ ಊರಲ್ಲೇ ಹುಟ್ಟಿದ್ದು ಅಂದೆ. ಕಾರು ನಿಲ್ಲಿಸು ಅಂದರು. ಬೋರ್ಡಿನ ಕೆಳಗೆ ಒಂದು ಫೋಟೋ ತೆಗೆದುಕೊಂಡೆವು.

ದೂರದಿಂದ ಬರುವವರಿಗೆ: ಡೇಟನ್‌ಗೆ ರೈಲು ಇಲ್ಲ. ವಿಮಾನ ನಿಲ್ದಾಣ ಇದೆ, ಆದರೆ ನೇರ ವಿಮಾನಗಳು ಕಡಿಮೆ. ಕೊಲಂಬಸ್‌ಗೋ ಸಿನ್ಸಿನಾಟಿಗೋ ಬಂದಿಳಿದು ಕಾರು ಬಾಡಿಗೆಗೆ ತಗೊಳ್ಳೋದು ವಾಸಿ. ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ತಲುಪಿದರೆ ಪಾರ್ಕಿಂಗ್ ತಲೆನೋವಿಲ್ಲ. ದೊಡ್ಡ ಬ್ಯಾಗ್ ತರಬೇಡಿ. ಹೊರಡುವ ಮುಂಚೆ ಬ್ಯಾಗಿನ ನಿಯಮ ಒಂದು ಸಲ ನೋಡಿಕೊಳ್ಳಿ. ಒಳಗೆ ಬೆಚ್ಚಗಿರುತ್ತೆ, ಎರಡು ಗಂಟೆ ದಪ್ಪ ಜಾಕೆಟ್ ಮಡಿಲಲ್ಲಿ ಇಟ್ಟುಕೊಂಡು ಕೂರೋದು ಹಿಂಸೆ. ಅಪ್ಪನಿಗೆ ಒಳಗೊಂದು ಥರ್ಮಲ್, ಮೇಲೊಂದು ತೆಳು ಸ್ವೆಟರ್, ಅದರ ಮೇಲೆ ನನ್ನ ಹಳೆಯ ಕೆಂಪು ಟಿ–ಶರ್ಟ್ ಹಾಕಿಸಿದ್ದೆ. ಜಾಕೆಟ್ ಕಾರಿನಲ್ಲೇ ಬಿಟ್ಟು ಬೇಗ ಬೇಗ ನಡೆದೆವು. ಕೆಂಪು ಬಟ್ಟೆ ಮಾತ್ರ ಮರೆಯಬೇಡಿ. ಬೇರೆ ಬಣ್ಣ ಹಾಕಿಕೊಂಡು ಹೋದರೆ ಯಾರೂ ಏನೂ ಅನ್ನೋದಿಲ್ಲ, ಆದರೆ ಆ ಕೆಂಪು ಸಮುದ್ರದಲ್ಲಿ ನಾವೂ ಒಂದು ಹನಿ ಆಗಬೇಕು ಅಲ್ವಾ?

ಯುಡಿ ಅರೀನಾ (ಯುಡಿ ಅಂದರೆ ಯೂನಿವರ್ಸಿಟಿ ಆಫ್ ಡೇಟನ್) 1969ರದ್ದು. 2019ರ ಹೊತ್ತಿಗೆ ಪೂರ್ತಿ ನವೀಕರಣ ಆಗಿದೆ. ಒಳಗೆ ಹೋಗಿ ಕೆಳಗೆ ನೋಡಿದರೆ ದೊಡ್ಡ ಬೋಗುಣಿಯ ತಳದಲ್ಲಿ ಅಂಕಣ ಹೊಳೆಯುತ್ತೆ. ಆಟಗಾರರ ಹತ್ತಿರ ಕೂರಬೇಕು ಅಂತ ಕೆಳಗಿನ ಸೀಟಿಗೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಮೇಲಿನಿಂದ ಇಡೀ ಆಟ ಚೆನ್ನಾಗಿ ಕಾಣುತ್ತೆ. ವಯಸ್ಸಾದವರು ಜೊತೆಗಿದ್ದರೆ ಸಾಲಿನ ತುದಿಯ ಸೀಟು ತಗೊಳ್ಳಿ. ಮೆಟ್ಟಿಲು ಜಾಸ್ತಿ ಇವೆ, ಕೈ ಹಿಡಿದು ನಿಧಾನಕ್ಕೆ ಹೋಗಬೇಕು. ಆಟ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಭಾಗ, ಎಲ್ಲಾ ಸೇರಿ ಎರಡು ಗಂಟೆಯ ಮೇಲೆ.

ನಮ್ಮ ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಮಡಿಲಲ್ಲಿ ಒಂದು ಉದ್ದದ ನೋಟ್‌ಬುಕ್, ಕೈಯಲ್ಲಿ ಮೊಂಡಾದ ಪೆನ್ಸಿಲ್. ಒಂದೊಂದು ಬಾಸ್ಕೆಟ್ ಬಿದ್ದಾಗಲೂ ಆಟಗಾರನ ನಂಬರಿನ ಮುಂದೆ ಗೆರೆ ಎಳೆಯುತ್ತಿದ್ದರು, ಫೌಲ್ ಆದರೆ ಒಂದು ಸಣ್ಣ ಸೊನ್ನೆ. ಎದುರಿನ ದೊಡ್ಡ ಪರದೆಯಲ್ಲಿ ಎಲ್ಲಾ ಲೆಕ್ಕ ಬರುತ್ತಿತ್ತು, ಅವರು ಆ ಕಡೆ ನೋಡಲೇ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಆ ನೋಟ್‌ಬುಕ್ ನೋಡಿದರು. ತಾಲ್ಲೂಕು ಮಟ್ಟದ ಕಬಡ್ಡಿಗೆ ಅಪ್ಪ ಹೀಗೇ ಗೆರೆ ಹಾಕಿ ಅಂಕ ಬರೆಯುತ್ತಿದ್ದರು. "ಇವರೂ ಮೇಷ್ಟ್ರಾಗಿದ್ರಾ ಕೇಳು" ಅಂದರು. ಕೇಳಿದೆ. ಅಲ್ಲ, ಎನ್‌ಸಿಆರ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರಂತೆ. ಮದುವೆಯಾದ ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬರುತ್ತಿದ್ದರಂತೆ. ಈಗ ಒಬ್ಬರೇ ಬರುತ್ತಾರೆ.

ಎನ್‌ಸಿಆರ್ ಅಂದರೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್. ಅಂಗಡಿಗಳ ಗಲ್ಲಾ ಯಂತ್ರ ಮಾಡುತ್ತಿದ್ದ ಕಂಪನಿ, ಈ ಊರಲ್ಲಿ ಹುಟ್ಟಿ ಒಂದು ಶತಮಾನಕ್ಕಿಂತ ಜಾಸ್ತಿ ಇಲ್ಲೇ ಇತ್ತು. 2009ರಲ್ಲಿ ಕೇಂದ್ರ ಕಚೇರಿಯನ್ನು ಜಾರ್ಜಿಯಾಕ್ಕೆ ಒಯ್ದರು. ಅದರ ಹಿಂದಿನ ವರ್ಷವಷ್ಟೇ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಬಾಗಿಲು ಹಾಕಿತ್ತು. ಎನ್‌ಸಿಆರ್‌ನ ಹಳೆಯ ಕಟ್ಟಡ ಈಗ ವಿಶ್ವವಿದ್ಯಾಲಯದ್ದು. ಒಂದೊಂದಾಗಿ ಎಲ್ಲಾ ಬಿಟ್ಟುಹೋದ ಊರಲ್ಲಿ ಈ ತಂಡ ಉಳಿಯಿತು. ಮಂಗಳವಾರ ರಾತ್ರಿ ಅಷ್ಟು ಜನ ಯಾಕೆ ಬರುತ್ತಾರೆ ಅಂತ ಅಪ್ಪ ದಾರಿಯುದ್ದಕ್ಕೂ ಕೇಳುತ್ತಿದ್ದರು. ಅಜ್ಜಿ ಮಾತಾಡಿದ ಮೇಲೆ ಮತ್ತೆ ಕೇಳಲಿಲ್ಲ.

ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋ ಹಾಕಲು ನಮ್ಮ ಹುಡುಗ ನಿಂತಾಗ ಇಡೀ ಅರೀನಾ ಒಮ್ಮೆಲೇ ಮೌನವಾಗುತ್ತೆ. ಚೆಂಡು ನೆಲಕ್ಕೆ ಬಡಿಯೋ ಸದ್ದು ಮೇಲಿನ ಸಾಲಿಗೂ ಕೇಳಿಸುತ್ತೆ. ಎದುರಾಳಿ ನಿಂತರೆ 'ರೆಡ್ ಸ್ಕೇರ್' ಅಂತ ಕರೆಸಿಕೊಳ್ಳುವ ವಿದ್ಯಾರ್ಥಿಗಳ ಗುಂಪು ಕಿವಿ ತೂತಾಗುವಂತೆ ಕೂಗುತ್ತೆ. ಅಪ್ಪ ಅಂಕಕ್ಕಿಂತ ಕಾಲುಗಳನ್ನೇ ನೋಡುತ್ತಿದ್ದರು. "ಚೆಂಡು ಕೈಲಿಲ್ಲದಾಗ ಆ ಹುಡುಗ ಹೇಗೆ ಓಡ್ತಾನೆ ನೋಡೋ. ಅದನ್ನ ಹೇಳಿಕೊಡೋಕೆ ನನಗೆ ಹತ್ತು ವರ್ಷ ಆಯ್ತು." ಬೆಂಚಿನಲ್ಲಿ ಕೂತ, ಆಡುವ ಅವಕಾಶವೇ ಸಿಗದ ಹುಡುಗರು ಪ್ರತಿ ಬಾಸ್ಕೆಟ್‌ಗೂ ಎದ್ದು ನಿಲ್ಲುವುದು ಅವರಿಗೆ ತುಂಬಾ ಹಿಡಿಸಿತು. ಕೊನೆಯ ಐದು ನಿಮಿಷ ಅಪ್ಪ ಕೂರಲೇ ಇಲ್ಲ. ನಾಲ್ಕು ಅಂಕಗಳಿಂದ ಗೆದ್ದೆವು. ಅಜ್ಜಿ ಗೆರೆಗಳನ್ನು ಕೂಡಿಸಿ, ಪರದೆಯ ಲೆಕ್ಕಕ್ಕೆ ತಾಳೆ ನೋಡಿ, ನೋಟ್‌ಬುಕ್ ಮುಚ್ಚಿದರು.

ಪಂದ್ಯ ಮುಗಿದ ಕೂಡಲೇ ಕಾರಿಗೆ ಓಡಬೇಡಿ. ಐ–75 ಹತ್ತಲು ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಇಪ್ಪತ್ತು ನಿಮಿಷ ಒಳಗೇ ಸುತ್ತಾಡಿ, ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ನೋಡಿ. ಊಟಕ್ಕೆ ಮರಿಯನ್ಸ್ ಪಿಯಾಜಾ ಇದೆ, 1965ರಿಂದ ನಡೆಯುತ್ತಿರುವ ಪಿಜ್ಜಾ ಅಂಗಡಿ. ತೆಳು ರೊಟ್ಟಿಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ ಕೊಡುತ್ತಾರೆ, ತರಕಾರಿಯದ್ದೂ ಸಿಗುತ್ತೆ. ಆದರೆ ಪಂದ್ಯಕ್ಕೆ ಮುಂಚೆಯೇ ತಿನ್ನಿ, ಆಮೇಲೆ ತಡವಾಗಿಬಿಡುತ್ತೆ. ನಾವು ಮನೆಯಿಂದ ಚಪಾತಿ, ಪಲ್ಯ ಕಟ್ಟಿಕೊಂಡಿದ್ದೆವು, ರಾತ್ರಿ ಹೋಟೆಲ್ ರೂಮಿನಲ್ಲಿ ಅದೇ.

ರೂಮು ಫೇರ್‌ಬಾರ್ನ್ ಅಥವಾ ಬೀವರ್‌ಕ್ರೀಕ್ ಕಡೆ ಮಾಡಿ. ಮರುದಿನ ನೋಡಬೇಕಾದ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ ಅಲ್ಲಿಗೆ ಹತ್ತಿರ. ಪ್ರವೇಶ ಉಚಿತ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಅಧ್ಯಕ್ಷ ಕೆನಡಿ ಓಡಾಡಿದ ವಿಮಾನದ ಒಳಗೆ ನಡೆದು ಬರಬಹುದು. ದಿನವಿಡೀ ಬೇಕು, ಒಳ್ಳೆಯ ಶೂ ಹಾಕಿಕೊಳ್ಳಿ. ಬೀವರ್‌ಕ್ರೀಕ್‌ನಲ್ಲಿ ಹಿಂದೂ ದೇವಸ್ಥಾನವೂ ಇದೆ. ಅಪ್ಪ ಅಲ್ಲಿಗೆ ಹೋಗಿ ಬಂದ ಮೇಲೆಯೇ ಮ್ಯೂಸಿಯಂಗೆ ಹೊರಟಿದ್ದು. ಸ್ವಲ್ಪ ಸಮಯ ಉಳಿದರೆ ಕ್ಯಾಂಪಸ್ಸಿಗೆ ಅಂಟಿಕೊಂಡಿರುವ ವುಡ್‌ಲ್ಯಾಂಡ್ ಸ್ಮಶಾನಕ್ಕೆ ಹೋಗಿ. ರೈಟ್ ಸಹೋದರರ ಸಮಾಧಿ ಅಲ್ಲಿದೆ. ಇದು ಅವರ ಊರು, ಅದಕ್ಕೇ ನಮ್ಮ ತಂಡದ ಹೆಸರು ಫ್ಲೈಯರ್ಸ್.

ಮಾರ್ಚ್‌ನಲ್ಲೇ ಬರೋಕೆ ಆಗೋದು ಅನ್ನುವವರಿಗೆ ಇನ್ನೊಂದು ದಾರಿ ಇದೆ. ರಾಷ್ಟ್ರೀಯ ಟೂರ್ನಿಯ ಮೊದಲ ನಾಲ್ಕು ಪಂದ್ಯಗಳು, 'ಫಸ್ಟ್ ಫೋರ್', ಇದೇ ಅರೀನಾದಲ್ಲಿ ಮಂಗಳವಾರ, ಬುಧವಾರ ರಾತ್ರಿ ನಡೆಯುತ್ತವೆ. ಯಾರು ಆಡುತ್ತಾರೆ ಅಂತ ಗೊತ್ತಾಗೋದು ಅದರ ಹಿಂದಿನ ಭಾನುವಾರ. ಯಾವುದೋ ದೂರದ ಸಣ್ಣ ಕಾಲೇಜಿನ ಹುಡುಗರು ಬಂದರೂ ಡೇಟನ್ ಜನ ಬಂದು ಕೂತು ಅವರಿಗೂ ಚಪ್ಪಾಳೆ ಹೊಡೆಯುತ್ತಾರೆ. 2012ರಲ್ಲಿ ಒಬಾಮಾ ಬ್ರಿಟನ್ ಪ್ರಧಾನಿ ಕ್ಯಾಮರೂನ್ ಅವರನ್ನು ಕರೆದುಕೊಂಡು ಬಂದಿದ್ದು ಇದಕ್ಕೇ. 2015ರಲ್ಲಿ ನಮ್ಮ ತಂಡವೇ ಇಲ್ಲಿ ಬಾಯ್ಸಿ ಸ್ಟೇಟ್ ಎದುರು 56–55ರಿಂದ ಗೆದ್ದಿತು. ಆ ರಾತ್ರಿ ನಾನು ಒಳಗಿದ್ದೆ. ಮೂರು ದಿನ ಗಂಟಲು ಬಿದ್ದುಹೋಗಿತ್ತು.

ಈ ತಂಡವನ್ನು ಹಚ್ಚಿಕೊಂಡರೆ ನೋವೂ ಇದೆ, ಅದನ್ನೂ ಹೇಳಬೇಕು. 2019–20ರ ಸೀಸನ್‌ನಲ್ಲಿ 29 ಗೆಲುವು, 2 ಸೋಲು. ಆ ಎರಡು ಸೋಲೂ ಹೆಚ್ಚುವರಿ ಸಮಯದಲ್ಲಿ. ಓಬಿ ಟಾಪಿನ್ ದೇಶಕ್ಕೇ ಒಳ್ಳೆಯ ಆಟಗಾರ ಅನ್ನಿಸಿಕೊಂಡ ವರ್ಷ. ದೇಶದಲ್ಲಿ ಮೂರನೇ ಸ್ಥಾನ. ಅಷ್ಟರಲ್ಲಿ ಕೋವಿಡ್ ಬಂದು ಟೂರ್ನಿಯೇ ರದ್ದಾಯಿತು. ಇನ್ನು ಈಗಂತೂ ಆಟಗಾರರಿಗೆ ದುಡ್ಡು ಕೊಡಬಹುದು, ಅವರು ಕಾಲೇಜು ಬದಲಿಸಲೂ ಬಹುದು. ಎರಡು ವರ್ಷ ನಾವು ಬೆಳೆಯೋದು ನೋಡಿದ ಹುಡುಗ ಮೂರನೇ ವರ್ಷ ಶ್ರೀಮಂತ ಕಾಲೇಜಿನ ಅಂಗಿಯಲ್ಲಿ ಕಾಣಿಸುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನ ಮನೆಯಲ್ಲೂ ಕಷ್ಟ ಇರುತ್ತೆ. ಆದರೆ ನವೆಂಬರ್‌ನಲ್ಲಿ ಹೊಸ ಹೆಸರುಗಳನ್ನು ಕಲಿಯುವಾಗ ಸ್ವಲ್ಪ ಸಂಕಟವಾಗುತ್ತೆ. ಹೊಸಬರಿಗೂ ಅಷ್ಟೇ ಜೋರಾಗಿ ಕೂಗುತ್ತೇವೆ.

ಅಪ್ಪ ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತಳದಿಂದ ಅರ್ಧ ಕೆಜಿ ಕಾಫಿಪುಡಿ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಹಾಸನದಿಂದ ನಮಗೆ ಅಂತ ತಂದಿದ್ದರಲ್ಲಿ ಅದೊಂದು ಉಳಿದಿತ್ತು. "ಆ ಲೆಕ್ಕ ಬರೆಯೋ ಅಮ್ಮನಿಗೆ ಕೊಡು" ಅಂದರು. ಫೆಬ್ರವರಿಯ ಪಂದ್ಯಕ್ಕೆ ಬೇಕಂತಲೇ ಅದೇ ಸಾಲಿನಲ್ಲಿ ಟಿಕೆಟ್ ತೆಗೆದೆ. ಅಜ್ಜಿ ಪೊಟ್ಟಣವನ್ನು ಮೂಗಿಗೆ ಹಿಡಿದು ನೋಡಿ, ಚೀಲದೊಳಗೆ ಇಟ್ಟುಕೊಂಡು, ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿದರು. ಅಪ್ಪ ಬಂದಿದ್ದ ಪಂದ್ಯದ ಹಾಳೆಯನ್ನು ಹರಿದು ಕೊಟ್ಟು, ಅವರಿಗೆ ಕಳಿಸು ಅಂದರು.