ಆನೆಯ ತೂಕ ಹೇಳಿಕೊಟ್ಟ ಮೇಷ್ಟ್ರು

ಕಳೆದ ದಸರಾ ಮುಗಿದ ಮೂರನೇ ದಿನ ಬೆಳಗ್ಗೆ ಹಳೆಯ ಬೆಂಚಿನ ಗೆಳೆಯ ಫೋನ್ ಮಾಡಿದ. 'ಆನೆ ಮೇಷ್ಟ್ರು ಹೋಗಿಬಿಟ್ಟರು ಕಣೋ' ಅಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಎರಡು ವರ್ಷದಿಂದ ಕೇಳುತ್ತಿದ್ದರು. ಆವತ್ತು ರಾತ್ರಿಯೇ ಬರೆಯಲು ಕೂತೆ.

ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು ಕಡ್ಡಿಯ ಹಾಗೆ ತೆಳ್ಳಗಿದ್ದರು. ಸೈಕಲ್‌ನಲ್ಲಿ ಬರುತ್ತಿದ್ದರು. ಪ್ಯಾಂಟಿಗೆ ಹಾಕಿದ ಕ್ಲಿಪ್ ತೆಗೆಯುವುದನ್ನು ಮರೆತೇ ಪಾಠ ಶುರು ಮಾಡುತ್ತಿದ್ದರು. ಅವರಿಗೆ ಆನೆ ಮೇಷ್ಟ್ರು ಅಂತ ಹೆಸರು ಬಂದದ್ದು ಒಂದು ಕಥೆಯಿಂದ. ಆ ಕಥೆ ಅವರದ್ದಲ್ಲ, ದೇಬಬ್ರತ ಬಸು ಅವರದ್ದು. ಅರವತ್ತರ ದಶಕದ ಕೊನೆಯಲ್ಲಿ ಮೇಷ್ಟ್ರು ಕಲ್ಕತ್ತೆಯ ಬ್ಯಾರಕ್‌ಪುರ ಟ್ರಂಕ್ ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದವರು. ಬಸು ಅಲ್ಲಿ ಪ್ರೊಫೆಸರ್. ಮೈಸೂರಿಗೆ ಬಂದು ಹತ್ತು ವರ್ಷವಾದರೂ ಮೇಷ್ಟ್ರ ಬಾಯಲ್ಲಿ ದಿನಕ್ಕೊಮ್ಮೆ ಆ ಹೆಸರು ಬರುತ್ತಿತ್ತು.

ನಾನು ಬಿ.ಎಸ್ಸಿ. ಸೇರಿದ್ದು 1979ರಲ್ಲಿ. ಕ್ಲಾಸಿನಲ್ಲಿ 32 ಜನ. ಮೂರು ವರ್ಷದಲ್ಲಿ ಏನೇನು ಪಾಠ ಆಯಿತು ಅಂತ ಕೇಳಿದರೆ ಇವತ್ತು ಹೇಳಲಾರೆ. ಆದರೆ ಆನೆ ಕಥೆ ಅಕ್ಷರ ಅಕ್ಷರವೂ ನೆನಪಿದೆ.

ಒಂದು ಸರ್ಕಸ್. ಅದರಲ್ಲಿ 50 ಆನೆ. ಎಲ್ಲವನ್ನೂ ಹಡಗಿನಲ್ಲಿ ಸಾಗಿಸಬೇಕು, ಒಟ್ಟು ತೂಕ ಸುಮಾರಾಗಿ ಗೊತ್ತಾಗಬೇಕು. ಆನೆ ತೂಗುವುದು ಸುಲಭವಾ? ಮೂರು ವರ್ಷದ ಹಿಂದೆ ಎಲ್ಲವನ್ನೂ ತೂಗಿದ್ದರು. ಸಾಂಬೋ ಅನ್ನುವ ನಡುಗಾತ್ರದ ಆನೆಯ ತೂಕ ಸರಿಯಾಗಿ ಸರಾಸರಿಯಷ್ಟೇ ಇತ್ತು. ಈಗಲೂ ಹಾಗೇ ಇದೆ ಅಂತಾನೆ ಮಾವುತ. ಮಾಲೀಕ ಹೇಳುತ್ತಾನೆ, ಸಾಂಬೋ ಒಂದನ್ನು ತೂಗಿ 50ರಿಂದ ಗುಣಿಸೋಣ. ಸರ್ಕಸ್ಸಿನ ಸಂಖ್ಯಾಶಾಸ್ತ್ರಜ್ಞ ಹೌಹಾರುತ್ತಾನೆ. ಬೇಕಾದ ಆನೆಯನ್ನು ಆರಿಸಿಕೊಂಡರೆ ಹೇಗೆ? ಚೀಟಿ ಎತ್ತಬೇಕು! ಕೊನೆಗೆ ಒಂದು ರಾಜಿ. ಸಾಂಬೋ ಬರುವ ಸಂಭವ 100ಕ್ಕೆ 99. ಉಳಿದ 49 ಆನೆಗಳಿಗೆ ತಲಾ 4900ಕ್ಕೆ 1. ಸಾಂಬೋನೇ ಬಂತು. ಮಾಲೀಕನಿಗೆ ಖುಷಿ, 50ರಿಂದ ಗುಣಿಸಲು ಹೊರಟ. 'ಇಲ್ಲ, ಹಾರ್ವಿಟ್ಜ್-ಥಾಂಪ್ಸನ್ ಸೂತ್ರದ ಪ್ರಕಾರ ಬಂದ ಆನೆಯ ತೂಕವನ್ನು ಅದು ಬರುವ ಸಂಭವದಿಂದ, ಅಂದರೆ 99/100ರಿಂದ ಭಾಗಿಸಬೇಕು' ಅಂದ ಶಾಸ್ತ್ರಜ್ಞ.

ಇಲ್ಲಿ ಮೇಷ್ಟ್ರು ನಿಂತು ಲೆಕ್ಕ ಮಾಡಿಸುತ್ತಿದ್ದರು. ಸಾಂಬೋ 4,000 ಕಿಲೋ ಅಂತ ಇಟ್ಟುಕೊಳ್ಳಿ. ಸೂತ್ರದ ಉತ್ತರ 4,040 ಕಿಲೋ. ಐವತ್ತು ಆನೆಗೆ! ಅಕಸ್ಮಾತ್ ಎಲ್ಲಕ್ಕಿಂತ ದೊಡ್ಡ ಜಂಬೋ ಬಂದಿದ್ದರೆ? ಅದರ ತೂಕ 5,000 ಕಿಲೋ ಆದರೆ ಉತ್ತರ 2 ಕೋಟಿ 45 ಲಕ್ಷ ಕಿಲೋ. ಸೂತ್ರ ಮಾತ್ರ ಪುಸ್ತಕದ ಪ್ರಕಾರ ಪೂರ್ತಿ ಸರಿ. ಎಷ್ಟೋ ಸಲ ಚೀಟಿ ಎತ್ತಿದರೆ ಸರಾಸರಿಯಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಆ ಶಾಸ್ತ್ರಜ್ಞನ ಕೆಲಸ ಹೋಯಿತು, ಬಹುಶಃ ಸಂಖ್ಯಾಶಾಸ್ತ್ರದ ಮೇಷ್ಟ್ರಾದ ಅಂತ ಬಸು ಕಥೆ ಮುಗಿಸುತ್ತಾರೆ.

1970ರಲ್ಲಿ ಕೆನಡಾದ ವಾಟರ್ಲೂನಲ್ಲಿ ನಡೆದ ಸಮ್ಮೇಳನದಲ್ಲಿ ಬಸು ಓದಿದ ಪ್ರಬಂಧದಲ್ಲಿ ಈ ಕಥೆ ಇತ್ತು. ಮರುವರ್ಷ ಅಚ್ಚಾಯಿತು. ಸ್ಯಾಂಪಲ್ ಸರ್ವೆ ಮಾಡುವವರ ಲೋಕದಲ್ಲಿ ದೊಡ್ಡ ಜಗಳ ಎಬ್ಬಿಸಿತು. ಐವತ್ತು ವರ್ಷ ದಾಟಿದರೂ 'ಬಸುವಿನ ಆನೆ' ಅಂದರೆ ಎಲ್ಲ ದೇಶದ ಸಂಖ್ಯಾಶಾಸ್ತ್ರಜ್ಞರಿಗೂ ಗೊತ್ತು. ದಸರೆಯ ಊರಿನ ಹುಡುಗರಾದ ನಮಗೆ ಅದು ಇನ್ನೂ ಹತ್ತಿರ. ಈಗ ಪ್ರತಿ ವರ್ಷ ದಸರಾ ಆನೆಗಳನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದ ಫೋಟೋ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಸೈಕಲ್ ಕ್ಲಿಪ್ ಹಾಕಿದ ಮೇಷ್ಟ್ರು ಕಾಣುತ್ತಾರೆ.

ಈ ಕಥೆ ಹೇಳುವ ಹೊತ್ತಿಗೆ ಬಸು ಬೇಸಿಯನ್, ಅಂದರೆ ಮೊದಲೇ ಗೊತ್ತಿದ್ದದ್ದನ್ನೂ ಲೆಕ್ಕಕ್ಕೆ ಸೇರಿಸುವ ಪಂಥದವರು. ಮೊದಲಿನಿಂದ ಹಾಗಿರಲಿಲ್ಲ. ಇದನ್ನು ಹೇಳುವಾಗ ಮೇಷ್ಟ್ರ ದನಿ ಬದಲಾಗುತ್ತಿತ್ತು. 1924ರಲ್ಲಿ ಢಾಕಾದಲ್ಲಿ ಹುಟ್ಟಿದ ಬಸು ಗಣಿತಜ್ಞರ ಮಗ. ದೇಶ ಇಬ್ಭಾಗವಾದ ಮೇಲೆ ಕಲ್ಕತ್ತೆಗೆ ಬಂದರು, ಸ್ವಲ್ಪ ಕಾಲ ವಿಮಾ ಕಂಪನಿಯಲ್ಲಿ ದುಡಿದರು. 1950ರಲ್ಲಿ ಇನ್‌ಸ್ಟಿಟ್ಯೂಟ್ ಸೇರಿ ಸಿ.ಆರ್. ರಾವ್ ಅವರ ಬಳಿ ಸಂಶೋಧನೆ ಶುರು ಮಾಡಿದರು. ರಾವ್ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು ಅಂತ ಮೇಷ್ಟ್ರು ಪ್ರತಿ ಸಲವೂ ಒತ್ತಿ ಹೇಳುತ್ತಿದ್ದರು. ಅದೇ ವರ್ಷ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಕಲ್ಕತ್ತೆಗೆ ಬಂದು ಉಪನ್ಯಾಸ ಕೊಟ್ಟರು. ಬಸು ವಾಲ್ಡ್ ಅವರಿಗೆ ಮಾರುಹೋದರು. ಆ ಪ್ರವಾಸದಲ್ಲೇ, ಡಿಸೆಂಬರ್‌ನಲ್ಲಿ, ವಾಲ್ಡ್ ನಮ್ಮ ಪಕ್ಕದ ನೀಲಗಿರಿಯಲ್ಲಿ ವಿಮಾನ ಬಿದ್ದು ತೀರಿಕೊಂಡರು.

ಆಮೇಲೆ ಬಸು ಅಮೆರಿಕದ ಬರ್ಕ್ಲಿಗೆ ಹೋಗಿ ಸಂಖ್ಯಾಶಾಸ್ತ್ರಜ್ಞ ನೇಮನ್ ಅವರ ಉಪನ್ಯಾಸ ಕೇಳಿದರು. ಹಿಂದಿರುಗಿದ ಮೇಲೆ ಕಲ್ಕತ್ತೆಗೆ ಬಂದ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರ ಉಪನ್ಯಾಸವನ್ನೂ ಕೇಳಿದರು. ಆ ಇಬ್ಬರು ದೊಡ್ಡವರಿಗೆ ಪರಸ್ಪರ ಆಗುತ್ತಿರಲಿಲ್ಲ. ಇಬ್ಬರ ಮಾತೂ ಬಸುವಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. 1955ರಲ್ಲೇ ಅವರ ಹೆಸರಿನ ಪ್ರಮೇಯ 'ಸಂಖ್ಯಾ' ಪತ್ರಿಕೆಯಲ್ಲಿ ಬಂದಿತ್ತು. ಇವತ್ತಿಗೂ ಎಂ.ಎಸ್ಸಿ. ಮಕ್ಕಳು ಓದುವ ಪ್ರಮೇಯ ಅದು. ಅಷ್ಟು ಹೆಸರು ಬಂದ ಮೇಲೆ ಸುಮ್ನೆ ಇರಬಹುದಿತ್ತು, ಅಲ್ವಾ? ಇರಲಿಲ್ಲ. ಎಲ್ಲರೂ ನಂಬಿದ ಸೂತ್ರಗಳು ಎಲ್ಲಿ ಎಡವುತ್ತವೆ ಅಂತ ಪುಟ್ಟ ಪುಟ್ಟ ಉದಾಹರಣೆ ಕಟ್ಟುತ್ತಾ ಹೋದರು. 1968ರ ಜನವರಿಯಲ್ಲಿ ಸೈನ್ಸ್ ಕಾಂಗ್ರೆಸ್‌ನಲ್ಲಿ ಮಾತಾಡುವ ಹೊತ್ತಿಗೆ ಪೂರ್ತಿ ಬೇಸಿಯನ್ ಆಗಿದ್ದರು. ನಲವತ್ತು ದಾಟಿದ ಮೇಲೆ, ಅಷ್ಟು ದೊಡ್ಡ ಗುರುಗಳಿಂದ ಕಲಿತದ್ದನ್ನು ಬದಿಗಿಟ್ಟು ದಾರಿ ಬದಲಿಸುವುದಕ್ಕೆ ಎಷ್ಟು ಗಟ್ಟಿತನ ಬೇಕು! ಮೇಷ್ಟ್ರಿಗೆ ಬಸು ಮೇಲಿದ್ದ ಗೌರವದ ಗುಟ್ಟು ಅದೇ ಅಂತ ನನಗೆ ಅನ್ನಿಸುತ್ತದೆ.

ಬೇಸಿಯನ್ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಮಾತ್ರ ಒಂದು ತರಲೆಯಿಂದ.

ಮೇಷ್ಟ್ರ ಹತ್ತಿರ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ 32 ಹೆಸರಿನ ಚೀಟಿ. ಊಟದ ನಂತರದ ಕ್ಲಾಸಿನಲ್ಲಿ ಡಬ್ಬಿ ಕುಲುಕಿ ಒಂದು ಚೀಟಿ ಎತ್ತುವರು. ಹೆಸರು ಬಂದವನು ಬೋರ್ಡಿಗೆ ಹೋಗಬೇಕು. ಆಮೇಲೆ ಚೀಟಿ ಮತ್ತೆ ಡಬ್ಬಿಗೆ. ಎರಡನೇ ವರ್ಷದ ಒಂದು ದಿನ ನಾನೂ ನನ್ನ ಬೆಂಚಿನ ಗೆಳೆಯನೂ ಸೇರಿ ಡಬ್ಬಿ ಖಾಲಿ ಮಾಡಿದೆವು. 32 ಚೀಟಿಯಲ್ಲೂ ಒಬ್ಬನದೇ ಹೆಸರು ಬರೆದು ತುಂಬಿದೆವು. ಮುಂದಿನ ಬೆಂಚಿನಲ್ಲಿ ಕೂತು ಯಾವಾಗಲೂ ಕೈ ಎತ್ತುತ್ತಿದ್ದ ಹುಡುಗ ಅವನು.

ಮೊದಲ ಸಲ ಅವನ ಹೆಸರು ಬಂತು. ಹೋಗಿ ಲೆಕ್ಕ ಮಾಡಿ ಬಂದ. ಎರಡನೇ ಸಲವೂ ಅವನೇ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಮೂರನೇ ಸಲವೂ ಅವನೇ ಬಂದಾಗ ಯಾರೂ ನಗಲಿಲ್ಲ. ಮೇಷ್ಟ್ರು ಡಬ್ಬಿ ಮುಚ್ಚಿ ಮೇಜಿನ ಮೇಲಿಟ್ಟು ಬೋರ್ಡಿಗೆ ಹೋದರು.

'ಯಾರಾದರೂ ಡಬ್ಬಿ ಮುಟ್ಟಿದ್ದಾರಾ ಅಂತ ಬೆಳಗ್ಗೆ ಕೇಳಿದ್ದರೆ, ಸಂಭವ ನೂರಕ್ಕೆ ಒಂದು ಅನ್ನುತ್ತಿದ್ದೆ' ಅಂದರು. ಮುಟ್ಟಿದ್ದಾರೆ ಅನ್ನುವುದಕ್ಕೆ 1 ಪಾಲು, ಇಲ್ಲ ಅನ್ನುವುದಕ್ಕೆ 99 ಪಾಲು, 1ಕ್ಕೆ 99 ಅಂತ ಬರೆದರು. ಮೊದಲ ಚೀಟಿಯಿಂದ ಏನೂ ಬದಲಾಗುವುದಿಲ್ಲ, ಯಾರದ್ದಾದರೂ ಒಂದು ಹೆಸರು ಬರಲೇಬೇಕು. ಎರಡನೇ ಸಲ ಅದೇ ಹೆಸರು ಬರುವುದು ಡಬ್ಬಿ ಸರಿಯಿದ್ದರೆ 32ಕ್ಕೆ 1, ಕೆಟ್ಟಿದ್ದರೆ ಖಂಡಿತ. ಹಾಗಾಗಿ ಮೊದಲಿನ 1 ಪಾಲು 32 ಪಟ್ಟಾಗಿ 32ಕ್ಕೆ 99. ಅಂದರೆ ಒಟ್ಟು 131 ಪಾಲಿನಲ್ಲಿ 32, ಅನುಮಾನ ನೂರಕ್ಕೆ 24. ಮೂರನೇ ಸಲಕ್ಕೆ 1024ಕ್ಕೆ 99. ನೂರಕ್ಕೆ 91!

'ಇದೇ ಬೇಯ್ಸ್' ಅಂದರು. 'ಮೊದಲೇ ಗೊತ್ತಿದ್ದದ್ದು, ಈಗ ಕಂಡದ್ದು, ಎರಡನ್ನೂ ಸೇರಿಸಬೇಕು. ಯಾವುದನ್ನೂ ಬಚ್ಚಿಡಬಾರದು.' ಡಬ್ಬಿ ತೆರೆದು ನೋಡಲಿಲ್ಲ. ಮಾಡಿದವರು ಸಂಜೆ ಬಂದು ಕಾಣಿ ಅಂದು ಹೊರಟುಹೋದರು.

ನಾನೊಬ್ಬನೇ ಹೋದೆ. ಬೈಯಲಿಲ್ಲ. 32 ಹೊಸ ಚೀಟಿ ಬರೆಸಿದರು. ಹೊರಡುವಾಗ ಒಂದು ನೋಟ್‌ಬುಕ್ ಕೊಟ್ಟರು. ಆನೆ ಕಥೆ ಇರುವ ಪ್ರಬಂಧವನ್ನು ಅವರೇ ಕನ್ನಡದಲ್ಲಿ ಬರೆದುಕೊಂಡದ್ದು. 'ಓದು, ಆಮೇಲೆ ಜಗಳ ಆಡೋಣ' ಅಂದರು. ಪದವಿ ಮುಗಿಯುವವರೆಗೂ ಜಗಳ ಆಡಿದೆವು. ಕೊನೆಗೆ ವಾಪಸ್ ಕೊಡಲು ಹೋದರೆ ಇಟ್ಟುಕೋ ಅಂದರು.

ನಾನು ಬೆಂಗಳೂರಿನಲ್ಲಿ 31 ವರ್ಷ ಔಷಧ ಪರೀಕ್ಷೆಗಳ ಲೆಕ್ಕ ನೋಡಿದೆ. ನಮ್ಮ ತಂಡಕ್ಕೆ ಬೇಸಿಯನ್ ವಿಧಾನ ತಂದವನು ನಾನೇ. ಸುಮಾರು ನಲವತ್ತು ಹುಡುಗ ಹುಡುಗಿಯರನ್ನು ತಯಾರು ಮಾಡಿದ್ದೇನೆ, ಅವರಲ್ಲಿ ಕೆಲವರು ಇವತ್ತು ನನಗಿಂತ ದೊಡ್ಡ ಹುದ್ದೆಯಲ್ಲಿದ್ದಾರೆ. ಅದು ನನಗೆ ಹೆಮ್ಮೆ. ಬಸು ಅವರ ಕಾಲದಲ್ಲಿ ಈ ದಾರಿ ಹಿಡಿದವರಿಗೆ ಲೆಕ್ಕ ಮಾಡುವುದೇ ಕಷ್ಟವಿತ್ತು. 1990ರಲ್ಲಿ ಗೆಲ್ಫಂಡ್ ಮತ್ತು ಸ್ಮಿತ್ ಕಂಪ್ಯೂಟರಿನಲ್ಲಿ ಅದನ್ನು ಮಾಡುವ ದಾರಿ ತೋರಿಸಿದ ಮೇಲೆ ಎಲ್ಲ ಬದಲಾಯಿತು. 2020ರಲ್ಲಿ ಫೈಜರ್‌ನ ಕೋವಿಡ್ ಲಸಿಕೆ ಫಲಿತಾಂಶ ಬಂದಾಗ ಓದಿದೆ. ಕಾಯಿಲೆ ಬಿದ್ದ 170 ಜನರಲ್ಲಿ ಲಸಿಕೆ ಪಡೆದವರು 8, ಪಡೆಯದವರು 162. ಮುಖ್ಯ ಲೆಕ್ಕ ಮಾಡಿದ್ದು ಬೇಸಿಯನ್ ವಿಧಾನದಲ್ಲೇ. ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ಕಿವಿ ಮಂದವಾಗಿತ್ತು. ಮೂರು ಸಲ ಕೂಗಿ ಹೇಳಿದ ಮೇಲೆ 'ಬಸು ಇರಬೇಕಿತ್ತು' ಅಂದರು. ಬಸು 2001ರಲ್ಲೇ ತೀರಿಕೊಂಡಿದ್ದರು.

ಎರಡು ವರ್ಷದ ಹಿಂದೆ ಒಂದು ಕಾಲೇಜಿನಲ್ಲಿ ಮಾತಾಡಲು ಹೋಗಿದ್ದೆ. ಮಕ್ಕಳು ಚುರುಕು. ಲ್ಯಾಪ್‌ಟಾಪ್‌ನಲ್ಲಿ ಒಂದು ನಿಮಿಷಕ್ಕೆ ಉತ್ತರ ತೆಗೆಯುತ್ತಾರೆ. 'ಈ ಉತ್ತರವನ್ನು ನೀನು ನಂಬುತ್ತೀಯಾ?' ಅಂತ ಒಬ್ಬಳನ್ನು ಕೇಳಿದೆ. 'ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇದೆ ಸರ್' ಅಂದಳು. ಪುಸ್ತಕ ಹಾಕಿಕೊಟ್ಟ ಗೆರೆಯ ಒಳಗಿದೆಯಾ ಅಂತ ಮಾತ್ರ ನೋಡಿದ್ದಳು. ಅವಳ ತಪ್ಪಲ್ಲ. ಸೆಮಿಸ್ಟರ್ ಓಡುತ್ತಿರುತ್ತದೆ, ಇಂಟರ್ನಲ್ಸ್ ಜಾಸ್ತಿ. ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ. ಇಂಥದರಲ್ಲಿ ಒಂದು ತರಲೆಯನ್ನು ಅರ್ಧ ಗಂಟೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಯಾರಿಗೆ ಪುರುಸೊತ್ತು? ಆದರೂ ಅಂಥ ಅರ್ಧ ಗಂಟೆ ಆ ಹುಡುಗಿಗೂ ಸಿಗಬೇಕು ಅಂತ ನನ್ನ ಆಸೆ.

ಮೇಷ್ಟ್ರ ನೋಟ್‌ಬುಕ್ಕನ್ನು ಈ ತಿಂಗಳು ನಮ್ಮ ಕಾಲೇಜಿನ ಲೈಬ್ರರಿಗೆ ಕೊಟ್ಟಿದ್ದೇನೆ. ನೀಲಿ ರಟ್ಟು, ಬೆನ್ನಿಗೆ ನಾನೇ ಬಟ್ಟೆ ಅಂಟಿಸಿದ್ದೇನೆ. ಆನೆಗಳು 14ನೇ ಪುಟದಲ್ಲಿವೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಪ್ರಶ್ನೆಗಳು ನನ್ನವು, ಕೆಂಪು ಶಾಯಿಯ ಉತ್ತರಗಳು ಅವರವು. ಕೊನೆಯ ಎರಡು ಪ್ರಶ್ನೆಗೆ ಉತ್ತರ ಬರೆದಿಲ್ಲ.