ಚೀಸ್ ಹಾಕಿದ ಶಂಕರಪೋಳಿ

ಮಳೆಗಾಲದಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ಮನೆಗಳಲ್ಲಿ ಕುರುಕಲು ತಿಂಡಿ ಗರಿಗರಿಯಾಗಿ ಉಳಿಯುವುದಿಲ್ಲ. ಬೇಕರಿಯಿಂದ ತಂದ ಖಾರಿ ಬಿಸ್ಕತ್ತು, ಪೊಟ್ಟಣ ಒಡೆದ ಸಂಜೆಗೇ ಮೆತ್ತಗಾಗಿರುತ್ತದೆ. ಆದರೆ ಜುಲೈ ತಿಂಗಳ ಆ ಶನಿವಾರ ಹಳಿಗಳ ಮೇಲೆ ನೀರು ಏರಿ ಲೋಕಲ್ ಗಾಡಿಗಳು ನಿಂತಿದ್ದವು. ಮನೆಮಂದಿಯೆಲ್ಲ ಒಳಗೇ ಕುಳಿತಿದ್ದರು, ಬಾಯಿ ಸುಮ್ಮನಿರಬೇಕಲ್ಲ? ಸೊಲ್ಲಾಪುರದಿಂದ ಬಂದಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಭಜಿ ಮಾಡಲೆಂದು ಕಡಲೆಹಿಟ್ಟಿನ ಡಬ್ಬಿ ಹುಡುಕುತ್ತಿದ್ದರು. ನಾನು ಫ್ರಿಜ್ಜಿನಿಂದ ಚೀಸ್ ತೆಗೆದೆ.

"ಗೋಧಿಹಿಟ್ಟಿನಲ್ಲಿ ಚೀಸ್ ಕಡ್ಡಿ ಮಾಡೋಣ ವೈನಿ, ಒವನ್ನಿನಲ್ಲಿ ಬೇಯಿಸಿ."

"ಮೈದಾ ಇಲ್ಲದೆ ಗರಿಗರಿಯಾಗುತ್ತದೆಯೇನೋ?"

ಆಗುತ್ತದೆ. ಮೈದಾಕ್ಕಿಂತ ಚೆನ್ನಾಗಿ ಆಗುತ್ತದೆ ಎಂದು ನನ್ನ ಹಟ. ಗೋಧಿಯ ತವುಡು ಹಿಟ್ಟಿನ ಜಿಗುಟನ್ನು ಅಲ್ಲಲ್ಲಿ ತುಂಡರಿಸುತ್ತದೆ. ಉಬ್ಬಬೇಕಾದ ಬ್ರೆಡ್ಡಿಗೆ ಅದು ಕಾಟ, ಬಾಯಲ್ಲಿ ಪುಡಿಯಾಗಬೇಕಾದ ಇಂಥ ತಿಂಡಿಗೆ ಅದೇ ಅನುಕೂಲ. ಮೇಲಾಗಿ ಗಿರಣಿಯಲ್ಲಿ ಬೀಸಿದ ಗೋಧಿಗೆ ತನ್ನದೇ ರುಚಿಯಿದೆ. ಆರೋಗ್ಯದ ಹೆಸರಿನಲ್ಲಿ ಮಾತ್ರ ಯಾರೂ ಇದನ್ನು ಹೊಗಳಬಾರದು. 150 ಗ್ರಾಂ ಹಿಟ್ಟಿಗೆ 60 ಗ್ರಾಂ ಬೆಣ್ಣೆ, 80 ಗ್ರಾಂ ಚೀಸ್ ಸುರಿದ ಮೇಲೆ ಆರೋಗ್ಯದ ಮಾತೆಲ್ಲಿ ಬಂತು?

ಚೀಸ್ ತುರಿದು, ಓಮ ಮತ್ತು ಕುಟ್ಟಿದ ಕಾಳುಮೆಣಸು ಸೇರಿಸಿದೆ. ಉಪ್ಪು ಹಾಕಲಿಲ್ಲ, ಅಂಗಡಿಯ ಚೀಸಿನಲ್ಲೇ ಬೇಕಾದಷ್ಟಿರುತ್ತದೆ. ಮುಂಬಯಿಯ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗುವುದರಿಂದ ಗಟ್ಟಿಯಾಗಿದ್ದಾಗಲೇ ಚಿಕ್ಕ ತುಂಡು ಮಾಡಿ, ಬೆರಳ ತುದಿಯಿಂದ ಹಿಟ್ಟಿಗೆ ತಿಕ್ಕಬೇಕು. ಎಲ್ಲ ಸೇರಿ ರವೆಯಂತೆ ಉದುರುದುರಾದಾಗ ಎರಡು ಮೂರು ಚಮಚ ತಣ್ಣನೆಯ ಹಾಲು. ಅಲ್ಲಿಯವರೆಗೆ ಸುಮ್ಮನೆ ನೋಡುತ್ತಿದ್ದ ವೈನಿ ಪಾತ್ರೆ ಎಳೆದುಕೊಂಡು ಚಪಾತಿ ಹಿಟ್ಟಿನ ಹಾಗೆ ನಾದತೊಡಗಿದರು. "ನಾದಬೇಡಿ, ಒತ್ತಿ ಕೂಡಿಸಿದರೆ ಸಾಕು" ಎಂದೆ. ನಾದದ ಹಿಟ್ಟು ಅವರ ದೃಷ್ಟಿಯಲ್ಲಿ ಸೋಮಾರಿಗಳ ಕೆಲಸ. ಕೈ ಹಿಂತೆಗೆದರು, ಒಪ್ಪಿಗೆಯಿಂದಲ್ಲ.

ಹಿಟ್ಟು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಕುಳಿತಿತ್ತು. ತವುಡು ನೀರು ಹೀರುವುದು ನಿಧಾನ. ಅವಸರ ಮಾಡಿ ಲಟ್ಟಿಸಿದರೆ ಅಂಚೆಲ್ಲ ಬಿರಿಯುತ್ತದೆ. ಲಟ್ಟಣಿಗೆ ಮಾತ್ರ ವೈನಿ ನನಗೆ ಕೊಡಲಿಲ್ಲ. ಎಲ್ಲೂ ಹೆಚ್ಚುಕಡಿಮೆಯಾಗದಂತೆ ಮೂರು ಮಿಲಿಮೀಟರ್ ದಪ್ಪಕ್ಕೆ ಹರಡಿ, ಕರಜಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಗಾಲಿಯನ್ನು ಉದ್ದಕ್ಕೆ, ಓರೆಗೆ ಓಡಿಸಿದರು. ಕಡ್ಡಿಗಳ ಬದಲು ನಿರಿಯಂಚಿನ ವಜ್ರಾಕೃತಿಗಳು ಬಂದವು. "ಇದು ಶಂಕರಪೋಳಿಯೇ. ಎಣ್ಣೆ ತಪ್ಪಿಸಿ ಬೆಣ್ಣೆ ತುಂಬಿದ್ದೀಯ, ಅಷ್ಟೇ" ಎಂದು ತೀರ್ಪು ಕೊಟ್ಟರು. ಉಬ್ಬದಿರಲೆಂದು ನಾನು ಫೋರ್ಕಿನಿಂದ ಚುಚ್ಚುತ್ತಾ ಹೋದೆ.

180 ಡಿಗ್ರಿಯಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಚೀಸ್ ಕೆಂಪಾಗುವ ವಾಸನೆ ಹೊರಕೋಣೆಗೂ ತಲುಪಿತು. ವೈನಿಗೆ ನಾನ್‌ಖಟಾಯಿ ನೆನಪಾಯಿತು. ಅವರ ಚಿಕ್ಕಂದಿನಲ್ಲಿ ದೀಪಾವಳಿಯ ಮುಂಚೆ ಹಿಟ್ಟು, ಸಕ್ಕರೆ, ತುಪ್ಪ ಹೊತ್ತು ಬೇಕರಿಗೆ ಹೋಗುತ್ತಿದ್ದರಂತೆ. ತುಪ್ಪ ಅದಲುಬದಲಾಗದಂತೆ ಅಲ್ಲೇ ಕಾವಲು ಕೂರಿಸುತ್ತಿದ್ದದ್ದು ಮಕ್ಕಳನ್ನು. ಭಟ್ಟಿಯ ಮುಂದೆ ಬೆವರು ಸುರಿಸುತ್ತಾ ಕುಳಿತರೂ ಬಿಸಿ ನಾನ್‌ಖಟಾಯಿ ಒಂದನ್ನೂ ಮುಟ್ಟಲು ಬಿಡುತ್ತಿರಲಿಲ್ಲವೆಂದು ಈಗಲೂ ಅವರಿಗೆ ಸಿಟ್ಟಿದೆ.

ಹದಿನೈದು ನಿಮಿಷಕ್ಕೆ ಅಂಚು ಕೆಂಪಾಯಿತು. ವೈನಿ ಒಂದನ್ನು ಒತ್ತಿ ನೋಡಿ "ಇನ್ನೂ ಹಸಿ, ಒಳಗಿಡು" ಎಂದರು. ಬಿಸಿಯಿರುವಾಗ ಕೊಬ್ಬು ಮೆತ್ತಗಿರುತ್ತದೆ, ಆರಿದ ಮೇಲಷ್ಟೇ ಮುರುಕು ಬರುತ್ತದೆ ಎಂದು ಜಾಲರಿಯ ಮೇಲೆ ಹರಡಿದೆ. ಅವರು ನಂಬಿದ್ದು ಟಕ್ಕೆಂದು ಮುರಿದಾಗಲೇ. ಆಮೇಲೆ ಮಾತಿಲ್ಲ, ತಟ್ಟೆಯ ಅರ್ಧ ಚಹಾದೊಂದಿಗೆ ಮುಗಿಯಿತು. ಸ್ಟೀಲ್ ಡಬ್ಬಿಯಲ್ಲಿಟ್ಟ ಉಳಿದವು ಮರುದಿನ ತುಸು ಮೆತ್ತಗಾದವು. ಐದು ನಿಮಿಷ ಬಿಸಿಮಾಡಿ ಆರಿಸಿದೆ, ಮತ್ತೆ ಗರಿಯಾದವು.

ಗಾಡಿಗಳು ಸರಿಯಾದ ಮೇಲೆ ವೈನಿ ಒಂದು ಪೊಟ್ಟಣ ಕಟ್ಟಿಕೊಂಡು ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರು. ವಾರದೊಳಗೆ ಫೋನು ಬಂತು. ಒವನ್ ಇಲ್ಲದ್ದಕ್ಕೆ ದಪ್ಪತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮೇಲೆ ತಟ್ಟೆಯಿಟ್ಟು, ಜವೆಗೋಧಿಯ ಹಿಟ್ಟಿನಲ್ಲಿ ಮಾಡಿದ್ದರಂತೆ. ಹೊತ್ತು ಹಿಡಿಯಿತು, ತಳ ಜಾಸ್ತಿ ಕೆಂಪಾಯಿತು, ಅಣ್ಣ ಎರಡು ಸಲ ಕೇಳಿ ತಿಂದ ಎಂದರು. ಹಿಟ್ಟನ್ನು ನಾದಿದರೋ ಇಲ್ಲವೋ ಎಂದು ಕೇಳಿದೆ. "ಸ್ವಲ್ಪ" ಎಂದರು.