ಏಳನೇ ತಿಂಗಳು: ಎರಡು ತೂಕದ ಮಷಿನ್, ಒಂದು ಬಲಭುಜ

ಸಿಕ್ಕಿತು! ನಿಧಾನ ಚಲನೆಯ ಚೀನೀ ಕಸರತ್ತು ತೈ ಚಿಯಲ್ಲಿ ಮೈಭಾರ ಸರಿಸುವ ರೀತಿಯನ್ನು ನನ್ನ ಅಭ್ಯಂಗದ (ಎಣ್ಣೆ ಮಸಾಜಿನ) ಕೆಲಸಕ್ಕೆ ತರುವ ಪ್ರಯತ್ನದಲ್ಲಿ ಏಳು ತಿಂಗಳಿಂದ ಹುಡುಕುತ್ತಿದ್ದ ತಪ್ಪು ಮೊನ್ನೆ ಭಾನುವಾರ ಸಂಜೆ ಕೈಗೆ ಸಿಕ್ಕಿತು. ಬಲಭುಜದ ಮೇಲಿನ ಆ ಗಂಟು, ದಿನದ ನಾಲ್ಕನೇ ಅಭ್ಯಂಗ ಮುಗಿಸುವ ಹೊತ್ತಿಗೆ ಕಿವಿಯ ಹಿಂದಿನವರೆಗೂ ಹತ್ತುತ್ತಿದ್ದ ನೋವು, ಅದು ಎಲ್ಲಿಂದ ಶುರುವಾಗುತ್ತಿತ್ತು ಅಂತ ಈಗ ಗೊತ್ತಾಯ್ತು. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೆಬ್ಬೆರಳಿನ ವಿಷಯ ಮೂರನೇ ತಿಂಗಳಲ್ಲೇ ಮುಗಿದಿತ್ತು. ಹೆಬ್ಬೆರಳ ತುದಿಯಲ್ಲಿ 1 ಕೆ.ಜಿ.ಯಷ್ಟು ಚಿವುಟಿ ಹಿಡಿದರೆ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕೆ.ಜಿ. ಬೀಳುತ್ತೆ ಅಂತ ಓದಿದ ದಿನವೇ ಹೆಬ್ಬೆರಳಿಗೆ ರಜಾ ಕೊಟ್ಟೆ. ಈಗ ಮುಂಗೈ, ಸಡಿಲ ಮುಷ್ಟಿ, ಅಂಗೈ ಬುಡ ಅಷ್ಟೇ. ಆ ನೋವು ವಾಪಸ್ ಬಂದಿಲ್ಲ.

ಭುಜ ಮಾತ್ರ ಕೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 24 ಚಲನೆಗಳ ತೈ ಚಿ ಫಾರಂ (ಒಂದರ ಹಿಂದೆ ಒಂದು ಬರುವ ಚಲನೆಗಳ ಸರಣಿ) ಮಾಡುವಾಗ ಭುಜ ಬೆಣ್ಣೆ. ಹತ್ತು ಗಂಟೆಗೆ ದ್ರೋಣಿ (ಅಭ್ಯಂಗದ ಮರದ ಮಂಚ) ಮುಂದೆ ನಿಂತರೆ ಕಲ್ಲು. ಭುಜ ಇಳಿಬಿಡಬೇಕು, ಮೊಣಕೈ ಜೋತುಬೀಳಬೇಕು ಅನ್ನೋದು ತೈ ಚಿ ಗುರು ಯಾಂಗ್ ಚೆಂಗ್‌ಫು ಹೇಳಿದ ಹತ್ತು ಮುಖ್ಯ ಅಂಶಗಳಲ್ಲೇ ಇದೆ, ನಮಗೆಲ್ಲ ಬಾಯಿಪಾಠ. ಇಳಿಬಿಡುತ್ತಿದ್ದೆ. ನಾಲ್ಕು ಸಲ ಕೈ ಎಳೆಯುವುದರೊಳಗೆ ಅದು ಮತ್ತೆ ಮೇಲೆ ಹತ್ತಿರುತ್ತಿತ್ತು.

ಒಂದು ಸುಳಿವು ಮಾತ್ರ ಇತ್ತು. ಬಟ್ಟೆಯ ಮೇಲಿಂದ ಒಣಗೈಯಲ್ಲಿ ಒತ್ತಿದರೆ ಭುಜ ಸುಮ್ನಿರುತ್ತಿತ್ತು. ಎಣ್ಣೆ ಬಿದ್ದ ಕೂಡಲೇ ಬಿಗಿಯುತ್ತಿತ್ತು. ಹಾಗಾಗಿ ಎಣ್ಣೆಯನ್ನೇ ಅನುಮಾನಿಸಿದೆ. ಕೈ ಜಾರುತ್ತೆ, ಅದರ ಹಿಂದೆ ಮೈಭಾರವೂ ಜಾರುತ್ತೆ, ಅದನ್ನು ತಡೆಯೋಕೆ ಭುಜ ಬ್ರೇಕ್ ಹಾಕುತ್ತೆ ಅಂತ ನನ್ನ ಲೆಕ್ಕ. ಎಣ್ಣೆ ಕಡಿಮೆ ಮಾಡಿ ನೋಡಿದೆ. ಸ್ವಲ್ಪ ವಾಸಿ, ಆದರೆ ಅಭ್ಯಂಗಕ್ಕೆ ಎಣ್ಣೆ ಜಿಪುಣತನ ಮಾಡಿದರೆ ಅದು ಅಭ್ಯಂಗವೇ ಅಲ್ಲ. ಆಮೇಲೆ ನೆಲವನ್ನು ಅನುಮಾನಿಸಿದೆ. ಟೈಲ್ಸ್ ಮೇಲೆ ನಾಲ್ಕು ಹನಿ ಎಳ್ಳೆಣ್ಣೆ ಬಿದ್ದರೆ ಪಾದಕ್ಕೆ ಬೇರು ಎಲ್ಲಿಂದ ಬರಬೇಕು? ಗಟ್ಟಿ ರಬ್ಬರ್ ಮ್ಯಾಟ್ ಬೇಕು ಅಂತ ಆನ್‌ಲೈನಲ್ಲಿ ಆರ್ಡರ್ ಮಾಡಿದೆ. ಬಂದಿದ್ದು ಮೆತ್ತನೆ ಫೋಮ್. ನಿಂತರೆ ಹಿಮ್ಮಡಿ ಒಳಗೆ ಹೂತುಹೋಗುತ್ತೆ, ಹಿಂಗಾಲಿನಿಂದ ತಳ್ಳಿದರೆ ಅರ್ಧ ಬಲವನ್ನು ಮ್ಯಾಟೇ ನುಂಗುತ್ತೆ. ಚಿತ್ರದಲ್ಲಿ ರಬ್ಬರ್, ಡಬ್ಬಿಯಲ್ಲಿ ಫೋಮ್, ವಾಪಸ್ ಕಳಿಸೋಕೆ ಹನ್ನೊಂದು ದಿನ ಫೋನು. ಕೊನೆಗೆ ಗೋಣಿಚೀಲ ಹಾಸಿದೆ. ಗೋಣಿಚೀಲಕ್ಕೆ ಸಮ ಯಾವುದೂ ಇಲ್ಲ, ಎಣ್ಣೆ ಹೀರುತ್ತೆ, ಜಾರಲ್ಲ, ಒಗೆದರೆ ಹೊಸದು.

ನೆಲ ಸರಿಯಾಯ್ತು. ಭುಜ ಆಗಲಿಲ್ಲ.

ಆಗ ಹೊಳೆದದ್ದು ತೂಕದ ಮಷಿನ್. ಮುಂಗಾಲಿನ ಕೆಳಗೊಂದು, ಹಿಂಗಾಲಿನ ಕೆಳಗೊಂದು ಇಟ್ಟರೆ ಭಾರ ಯಾವಾಗ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ ಅಲ್ವಾ? ಮಾಡಿ ನೋಡುವವರಿಗೆ ಒಂದು ಮಾತು: ಡಿಜಿಟಲ್ ತಗೋಬೇಡಿ. ನಾನು ಎರಡು ತಂದೆ. ಅವು ಒಂದು ಅಂಕೆಗೆ ಬಂದು ಅಲ್ಲೇ ಲಾಕ್ ಆಗುತ್ತವೆ, ಭಾರ ಬದಲಾದರೂ ಅದೇ ಅಂಕೆ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಹಾಗೇ ಬರೋದು ಮೇಡಂ, ನೀವು ಅಲ್ಲಾಡದೆ ನಿಲ್ಲಬೇಕು" ಅಂದರು. ನಾನು ಅಲ್ಲಾಡುವುದನ್ನೇ ಅಳೆಯಬೇಕಿತ್ತು! ಗುಜರಿ ಅಂಗಡಿಯಲ್ಲಿ ಹಳೇ ಮುಳ್ಳಿನ ಮಷಿನ್ ಎರಡು ಸಿಕ್ಕವು. ಒಂದು ಅರ್ಧ ಕೆ.ಜಿ. ಜಾಸ್ತಿ ತೋರಿಸುತ್ತಿತ್ತು, ಪಕ್ಕದ ಚಕ್ರ ತಿರುಗಿಸಿ ಸೊನ್ನೆಗೆ ತಂದೆ. ಮೇಲೆ ಗೋಣಿ ಬಟ್ಟೆ ಸುತ್ತಿದೆ.

ಭಾನುವಾರ ಸೆಂಟರ್‌ಗೆ ರಜಾ. ತಂಗಿ ದ್ರೋಣಿ ಮೇಲೆ ಬೋರಲು ಮಲಗಿದಳು. ನನ್ನ ಜೊತೆ ಕೆಲಸ ಮಾಡುವ ಹುಡುಗಿ ನೆಲದ ಮೇಲೆ ಕೂತು ಎರಡೂ ಮುಳ್ಳು ಕಾಣುವ ಹಾಗೆ ಮೊಬೈಲಲ್ಲಿ ವಿಡಿಯೋ ಹಿಡಿದಳು. ನಾನು ಹಿಮ್ಮಡಿಯಿಂದ ತೊಡೆವರೆಗೆ ಹೋಗುವ, ಅಲ್ಲಿಂದ ಹಿಂದೆ ಬರುವ ಉದ್ದನೆ ಉಜ್ಜನ್ನು ಇಪ್ಪತ್ತು ಸಲ ಮಾಡಿದೆ. ಏಳನೇ ಸಲಕ್ಕೇ ತಂಗಿಗೆ ಗೊರಕೆ ಶುರು.

ನನ್ನ ತೂಕ 58. ಸುಮ್ನೆ ನಿಂತಾಗ ಎರಡೂ ಕಡೆ 29. ಕೈ ಮುಂದೆ ಹೋಗುತ್ತಾ ತಂಗಿಯ ಮೀನಖಂಡದ ಮೇಲೆ ಇರುವಾಗ ಮುಂಗಾಲಲ್ಲಿ 33, ಹಿಂಗಾಲಲ್ಲಿ 17. ಕೂಡಿದರೆ 50. ಉಳಿದ 8 ಕೆ.ಜಿ. ಎಲ್ಲಿ? ತಂಗಿಯ ಕಾಲಿನ ಮೇಲೆ! ಇದನ್ನು ನೋಡಿ ನಾವಿಬ್ಬರೂ ಕೂಗಿಬಿಟ್ಟೆವು. ಎಷ್ಟು ಒತ್ತುತ್ತಿದ್ದೇನೆ ಅಂತ ಇಷ್ಟು ವರ್ಷ ಅಂದಾಜಲ್ಲೇ ಹೇಳುತ್ತಿದ್ದೆ, ಈಗ ಅಂಕೆ ಸಿಕ್ಕಿತು. ತೊಡೆಯ ತುದಿ ಮುಟ್ಟಿದಾಗ ಮುಂದೆ 45, ಹಿಂದೆ 6. ಮುಂದಕ್ಕೆ ಹೋಗುವ ದಾರಿಯಲ್ಲಿ ಮುಳ್ಳುಗಳು ನೀರು ಹರಿದ ಹಾಗೆ ಸರಿದಿದ್ದವು, ಒಂದು ತಪ್ಪೂ ಇರಲಿಲ್ಲ. ಆರು ತಿಂಗಳ ಅಭ್ಯಾಸ ಕಾಣುತ್ತಿತ್ತು.

ಹಿಂದೆ ಬರುವಾಗ ನೋಡಿ. ಕೈ ತೊಡೆ ಬಿಟ್ಟಿತು, ಮುಂಗಾಲು 45. ಕೈ ಮೊಣಕಾಲು ದಾಟಿತು, ಮುಂಗಾಲು ಇನ್ನೂ 44. ಮುಳ್ಳು ಅಲ್ಲೇ ಅಂಟಿಕೊಂಡಿದೆ. ಕೈ ಮೀನಖಂಡದ ಅರ್ಧಕ್ಕೆ ಬಂದಾಗ ಒಂದೇ ಏಟಿಗೆ ಹಿಂಗಾಲಿನ ಮುಳ್ಳು 9ರಿಂದ 42ಕ್ಕೆ ಎಗರಿತು. ಇಪ್ಪತ್ತರಲ್ಲಿ ಹದಿನೆಂಟು ಸಲ ಹೀಗೇ. ಅಂದರೆ ಮೈ ಮುಂದೆಯೇ ನಿಂತಿದೆ, ಎರಡೂ ಕೈಗಳನ್ನು ಭುಜ ಒಂದೇ ಎಳೆದು ತರುತ್ತಿದೆ, ಸಾಕಾದ ಮೇಲೆ ಮೈ ದಡಕ್ಕನೆ ಹಿಂದೆ ಬೀಳುತ್ತಿದೆ. ಒಂದು ಅಭ್ಯಂಗದಲ್ಲಿ ಇಂಥ ನೂರಾರು ಎಳೆತ, ದಿನಕ್ಕೆ ನಾಲ್ಕು ಅಭ್ಯಂಗ. ಆ ಭುಜದ ಮೇಲೆ ನನಗೆ ನಿಜಕ್ಕೂ ಕನಿಕರ ಬಂತು. ಒಣ ಮಸಾಜಲ್ಲಿ ಈ ಹಿಂದಿನ ದಾರಿಯೇ ಇಲ್ಲ, ಒತ್ತಿ ಎತ್ತಿಬಿಡುತ್ತೇವೆ. ಅದಕ್ಕೇ ಅಲ್ಲಿ ನೋವಿರಲಿಲ್ಲ. ಎಣ್ಣೆಯದು ಏನೂ ತಪ್ಪಿಲ್ಲ.

ನನಗೆ ತಡೆಯಲಾಗದ ಸಂಗತಿ ಅಂದರೆ, ಇದಕ್ಕೆ ಉತ್ತರವನ್ನು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಮಾಡುತ್ತಲೇ ಇದ್ದೆ. 24ರ ಫಾರಂನಲ್ಲಿ ಏಳು ಮತ್ತು ಎಂಟನೆಯದು, ಗುಬ್ಬಿಯ ಬಾಲ ಹಿಡಿಯುವುದು. ಅದರಲ್ಲಿ ನಾಲ್ಕು ಹಂತ: ಪಂಗ್ (ಎತ್ತಿ ತಡೆಯುವುದು), ಲ್ಯೂ (ಹಿಂದಕ್ಕೆ ಎಳೆದುಕೊಳ್ಳುವುದು), ಜೀ (ಒತ್ತುವುದು), ಆನ್ (ತಳ್ಳುವುದು). ಜೀ ಮುಗಿದ ಮೇಲೆ ನೇರ ಆನ್‌ಗೆ ಹೋಗುವುದಿಲ್ಲ. ನಡುವೆ ಹಿಂಗಾಲಿನ ಮೇಲೆ ಕೂರುತ್ತೇವೆ, ಕೈಗಳು ಎದೆ ಕಡೆಗೆ ತಾವಾಗಿಯೇ ಬರುತ್ತವೆ, ಆಮೇಲೆ ತಳ್ಳು. ಆ ಕೂರುವುದನ್ನು ಮುಂದಿನ ತಳ್ಳಿಗೆ ಬರೀ ತಯಾರಿ ಅಂತ ಎಣಿಸಿದ್ದೆ. ಮಸಾಜಿಗೆ ತಳ್ಳನ್ನು ಮಾತ್ರ ತಂದೆ, ಕೂರುವುದನ್ನು ಏರಿಯ ಮೇಲೇ ಬಿಟ್ಟು ಬಂದೆ. ಚೀನೀ ಭಾಷೆಯಲ್ಲಿ ಮಸಾಜಿಗೆ ಆನ್‌ಮೋ ಅಂತಾರಲ್ಲ, ಅದರ ಮೊದಲ ಅಕ್ಷರವೂ ಈ ಆನ್‌ನ ಅಕ್ಷರವೂ ಒಂದೇ. ಚೀನೀ ಮಸಾಜ್ ಪದ್ಧತಿ ಟುಯಿನಾ, ತೈ ಚಿಯ ಜೋಡಿ ಅಭ್ಯಾಸ ಟುಯಿ ಶೌ, ಈ ಎರಡರಲ್ಲೂ ಇರುವ ಟುಯಿ ಕೂಡ ಒಂದೇ, ತಳ್ಳು ಅಂತ ಅರ್ಥ. ಇವು ನೆಂಟರು ಅಂತ ಮೊದಲೇ ಗೊತ್ತಿತ್ತು, ನೆಂಟಸ್ತಿಕೆ ಇಷ್ಟು ಹತ್ತಿರದ್ದು ಅಂತ ಗೊತ್ತಿರಲಿಲ್ಲ.

ತಿದ್ದಿದ್ದು ಹೀಗೆ. ಕೈ ತೊಡೆಯ ತುದಿಗೆ ಹೋದಾಗ ಅಲ್ಲೇ ಬಿಡುತ್ತೇನೆ, ಎಳೆಯುವುದಿಲ್ಲ. ಮೊದಲು ಹಿಂಗಾಲಿನ ತೊಡೆಸಂದು ಮಡಿಯಬೇಕು, ಮಣೆ ಮೇಲೆ ಕೂರೋಕೆ ಹೋದ ಹಾಗೆ. ಬಾಲದ ಮೂಳೆ ಭಾರವಾಗುತ್ತೆ, ಬೆನ್ನು ಹಿಂದೆ ಸರಿಯುತ್ತೆ, ಆಗ ಕೈ ತಾನಾಗಿ ಹಿಂಬಾಲಿಸುತ್ತೆ. ಕೈಗಿಂತ ಒಂದು ಗಳಿಗೆ ಮುಂಚೆ ಸೊಂಟ ಹೊರಡಬೇಕು, ಅಷ್ಟೇ. ಅಷ್ಟೇ ಅನ್ನೋಕೆ ಸುಲಭ, ಮೊದಲ ಅರ್ಧ ಗಂಟೆ ಬರಲೇ ಇಲ್ಲ. ಕೈಗೆ ಹಳೇ ಚಾಳಿ. ಕೊನೆಗೆ ಕಣ್ಣು ಮುಚ್ಚಿಕೊಂಡು ಮಾಡಿದೆ, ಉಸಿರು ಒಳಗೆ ಎಳೆಯುತ್ತಾ ಕೂರುವುದು ಅಂತ ಇಟ್ಟುಕೊಂಡೆ. ಮುಳ್ಳು 45, 38, 30, 21, 16 ಅಂತ ಇಳಿಯಿತು. ಹುಡುಗಿ ಮೊಬೈಲ್ ಹಿಡಿದುಕೊಂಡೇ "ಅಕ್ಕಾ, ಬಂತು ಅಕ್ಕಾ" ಅಂದಳು.

ಈ ವಾರ ಐದು ದಿನ ಕೆಲಸ, ಹದಿನೆಂಟು ಅಭ್ಯಂಗ. ಭುಜ ಬುಧವಾರ ಸಂಜೆ ಒಮ್ಮೆ ಬಿಗಿಯಿತು, ಆವತ್ತು ಅವಸರದಲ್ಲಿದ್ದೆ. ಉಳಿದ ದಿನ ಇಲ್ಲ. ಬದಲಿಗೆ ತೊಡೆ ನೋಯುತ್ತಿದೆ, ಆ ನೋವು ನನಗೆ ಇಷ್ಟ. ಇಬ್ಬರು ಸೇರಿ ಎರಡೂ ಬದಿಯಲ್ಲಿ ಮಾಡುವಾಗ ಇನ್ನೊಂದು ಲಾಭ ಗೊತ್ತಾಯ್ತು. ಮೊದಲೆಲ್ಲ ನಮ್ಮ ಲಯ ಹಿಂದೆ ಬರುವಾಗಲೇ ತಪ್ಪುತ್ತಿತ್ತು, ನನ್ನ ಕೈ ಯಾವಾಗಲೂ ಮುಂಚೆ ಬಂದುಬಿಡುತ್ತಿತ್ತು. ಈಗ ಬೀಸೋಕಲ್ಲಿನ ಗೂಟ ಹಿಡಿದು ಎದುರುಬದುರು ಕೂತ ಇಬ್ಬರ ಹಾಗೆ ಒಬ್ಬರ ಭಾರ ಇನ್ನೊಬ್ಬರಿಗೆ ತಿಳಿಯುತ್ತೆ.

ಮಷಿನ್‌ನಿಂದ ಇನ್ನೊಂದು ವಿಷಯ ತಾನಾಗಿ ಸಿಕ್ಕಿತು. ಅವುಗಳ ಎತ್ತರ 5 ಸೆಂ.ಮೀ. ಅದರ ಮೇಲೆ ನಿಂತಿದ್ದಕ್ಕೆ ದ್ರೋಣಿ ನನಗೆ 5 ಸೆಂ.ಮೀ. ತಗ್ಗಾಯಿತು, ಕೆಳಗೆ ಇಳಿದ ತಕ್ಷಣ ಮೊಣಕೈ ಮತ್ತೆ ಹೊರಗೆ ಚಾಚಿಕೊಂಡಿತು. ಅಳೆದೆ. ಕೈ ಇಳಿಬಿಟ್ಟು ನಿಂತರೆ ನನ್ನ ಬೆರಳ ಗೆಣ್ಣು 68 ಸೆಂ.ಮೀ. ಎತ್ತರದಲ್ಲಿದೆ, ನಮ್ಮ ಬೇವಿನ ದ್ರೋಣಿ 76. ಕಾಲು ಕತ್ತರಿಸೋಣ ಅಂದರೆ ಹುಡುಗಿ ನನಗಿಂತ ನಾಲ್ಕು ಇಂಚು ಉದ್ದ, ಅವಳ ಸೊಂಟ ಹೋಗುತ್ತೆ. ಹಾಗಾಗಿ ನನ್ನ ಬದಿಗೆ ಮಾತ್ರ ಎಂಟು ಸೆಂ.ಮೀ. ಎತ್ತರದ ಹಲಗೆ, ನಾಲ್ಕಡಿ ಉದ್ದ. ಬಡಗಿಗೆ ಆಗಲೇ ಹೇಳಿ ಆಯ್ತು. "ನಾಳೆ ಅಕ್ಕ" ಅನ್ನೋದನ್ನು ದಿನಾ ಕೇಳುತ್ತಿದ್ದೇನೆ. ಅಡ್ವಾನ್ಸ್ ಮಾತ್ರ ಮೊದಲ ದಿನವೇ ಹೋಯ್ತು.

ಕಾಯುವ ಹೊತ್ತಿಗೆ ಮುಂದಿನ ಪ್ರಾಜೆಕ್ಟಿನ ಸಾಮಾನು ಕೂಡಿಸುತ್ತಿದ್ದೇನೆ. ಟುಯಿನಾ ಕಲಿಯುವವರು ಮೊದಲು ಅಕ್ಕಿ ತುಂಬಿದ ಚೀಲದ ಮೇಲೆ ಅಭ್ಯಾಸ ಮಾಡುತ್ತಾರೆ. ಅವರ ಒಂದು ಬೆರಳಿನ ತಳ್ಳಿಗೆ ನಿಮಿಷಕ್ಕೆ 120ರಿಂದ 160 ಸಲದ ವೇಗ, ಭುಜ ಇಳಿದಿರಬೇಕು, ಮೊಣಕೈ ಜೋತುಬಿದ್ದಿರಬೇಕು, ನಮ್ಮ ತೈ ಚಿ ಮಾತೇ ಅಲ್ಲೂ. ಅಂಥದ್ದೊಂದು ಚೀಲ ಹೊಲಿಯಬೇಕು. ಅಕ್ಕಿಗೆ ಮಳೆಗಾಲದಲ್ಲಿ ಹುಳ ಬೀಳುತ್ತೆ, ಅದಕ್ಕೇ ತೊಳೆದು ಒಣಗಿಸಿದ ಮರಳು ತುಂಬುವ ಯೋಚನೆ. ಮೇಲೆ ದಪ್ಪ ಕ್ಯಾನ್ವಾಸ್, ಅದರ ಮೇಲೆ ರೆಕ್ಸಿನ್, ಎಣ್ಣೆ ಹಾಕಿ ಜಾರು ಅಭ್ಯಾಸ ಮಾಡೋಕೆ. ಮರಳು ತೀರಾ ಗಟ್ಟಿ ಆಗುತ್ತಾ ಅಂತ ಅನುಮಾನ, ಯಾರಾದರೂ ತುಂಬಿಸಿ ನೋಡಿದ್ದರೆ ಹೇಳಿ.

ಇನ್ನು ಎಡಬದಿ ಬಾಕಿ ಇದೆ. ಎಡಗಾಲು ಹಿಂದಿಟ್ಟಾಗ ಮುಳ್ಳು ಈಗಲೂ 30ರ ಹತ್ತಿರ ಒಮ್ಮೆ ಎಗರುತ್ತೆ. ತೊಡೆಸಂದು ಅರ್ಧ ಮಡಿದು ನಿಂತುಬಿಡುತ್ತೆ. ಹಲಗೆ ಬಂದ ಮೇಲೆ ಅದರ ಮೇಲೇ ಮಷಿನ್ ಇಡದೆ, ಹಲಗೆಗೇ ಎರಡು ಗುಳಿ ಕೊರೆಸಿ ಮಷಿನ್‌ಗಳನ್ನು ಅದರೊಳಗೆ ಕೂರಿಸಬೇಕು ಅಂತಿದ್ದೇನೆ. ಬಡಗಿಗೆ ಇದನ್ನು ಇನ್ನೂ ಹೇಳಿಲ್ಲ.